ಹೇಳದೆ ಬಿಟ್ಟ ಅರ್ಧ ಪಾಠ

ಹೋದ ವರ್ಷ ಕಾರ್ತಿಕ ಮಾಸದಲ್ಲಿ ನಾನು ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದ ಸಂಗತಿ ನಿಮ್ಮಲ್ಲಿ ಹಲವರಿಗೆ ತಿಳಿದೇ ಇದೆ. ಮೂತ್ರದ ಸೋಂಕು. ಮೊದಲು ಕೊಟ್ಟ ಮಾತ್ರೆಗಳು ಯಾವುವೂ ನಾಟಲಿಲ್ಲ. ಪರೀಕ್ಷೆಯ ವರದಿಯಲ್ಲಿ ಔಷಧಗಳ ಹೆಸರುಗಳ ಮುಂದೆ ಸಾಲಾಗಿ ‘ಆರ್’ ಎಂಬ ಅಕ್ಷರ. ಆ ಔಷಧಕ್ಕೆ ಸೂಕ್ಷ್ಮಾಣು ಬಗ್ಗುವುದಿಲ್ಲವೆಂದು ಅದರ ಅರ್ಥ. ಕೊನೆಗೆ ರಕ್ತನಾಳದ ಮೂಲಕ ಕೊಟ್ಟ ಔಷಧವೊಂದು ನನ್ನನ್ನು ಉಳಿಸಿತು.

ನೋಡಲು ಬಂದವರಲ್ಲಿ ಗುಬ್ಬಿಯ ಕಡೆಯ ಹಳೆಯ ಶಿಷ್ಯನೊಬ್ಬನಿದ್ದ. 1988ರಲ್ಲಿ ನನ್ನ ಬಳಿ ಹತ್ತನೆಯ ತರಗತಿ ಓದಿದವನು; ಈಗ ಮೂರು ಸಾವಿರ ಬ್ರಾಯ್ಲರ್ ಕೋಳಿಗಳನ್ನು ಸಾಕುತ್ತಾನೆ. ವರದಿಯನ್ನು ಬಹಳ ಹೊತ್ತು ನೋಡಿ, “ಮೇಷ್ಟ್ರೇ, ಇದರಲ್ಲಿರೋ ಎರಡು ಹೆಸರು ನಮ್ಮ ಶೆಡ್ಡಲ್ಲೂ ಇದ್ವು. ನಿಮಗೆ ಇದು ನನ್ನಂಥೋರಿಂದ ಬಂತಾ?” ಎಂದು ಕೇಳಿದ. ಅಷ್ಟರಲ್ಲಿ ಬಂದ ವೈದ್ಯರು, ಅದನ್ನು ಯಾರೂ ಹೇಳಲಾರರು, ನೆಗಡಿಗೂ ಇಂಥ ಮಾತ್ರೆ ನುಂಗುವ ನಮ್ಮೆಲ್ಲರ ಪಾಲೂ ಇದರಲ್ಲಿದೆ ಎಂದರು. ಅವನ ಮುಖ ಮಾತ್ರ ತಿಳಿಯಾಗಲಿಲ್ಲ.

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. 1928ರಲ್ಲಿ ಲಂಡನ್ನಿನ ಅಲೆಕ್ಸಾಂಡರ್ ಫ್ಲೆಮಿಂಗ್ ಬೂಷ್ಟಿನಲ್ಲಿ ಪೆನಿಸಿಲಿನ್ ಕಂಡ ಕಥೆಯನ್ನು ನಾನು ಮೂವತ್ತು ವರ್ಷ ಪಾಠ ಮಾಡಿದವನು. ಅದೇ ಫ್ಲೆಮಿಂಗ್ 1945ರಲ್ಲಿ ನೊಬೆಲ್ ಭಾಷಣ ಮಾಡುವಾಗ ಎಚ್ಚರಿಕೆಯನ್ನೂ ಕೊಟ್ಟಿದ್ದ: ಕೊಲ್ಲಲು ಸಾಲದಷ್ಟು ಅಲ್ಪ ಪ್ರಮಾಣದಲ್ಲಿ ಔಷಧ ಕೊಟ್ಟರೆ ಸೂಕ್ಷ್ಮಾಣುಗಳು ಅದನ್ನು ಎದುರಿಸುವಂತೆ ಮಾರ್ಪಡುತ್ತವೆ ಎಂದು. ಈ ಅರ್ಧವನ್ನು ನಾನು ಒಂದು ದಿನವೂ ತರಗತಿಯಲ್ಲಿ ಹೇಳಲಿಲ್ಲ. ಪರೀಕ್ಷೆಗೆ ಬರುತ್ತಿರಲಿಲ್ಲ, ಅಷ್ಟೇ.

ಕೋಳಿಗಳಿಗೆ ಆದದ್ದು ಇದೇ. 1950ರ ಸುಮಾರಿಗೆ ಅಮೆರಿಕದಲ್ಲಿ ಥಾಮಸ್ ಜೂಕ್ಸ್, ರಾಬರ್ಟ್ ಸ್ಟಾಕ್‌ಸ್ಟಾಡ್ ಎಂಬ ವಿಜ್ಞಾನಿಗಳು ಆರಿಯೋಮೈಸಿನ್ ತಯಾರಿಕೆಯಲ್ಲಿ ಉಳಿದ ಗಸಿಯನ್ನು ತಿಂದ ಮರಿಗಳು ಬೇಗ ಬೆಳೆಯುವುದನ್ನು ಕಂಡರು. ಅಲ್ಲಿಂದ ಮುಂದೆ ರೋಗವಿಲ್ಲದಿದ್ದರೂ, ಕೇವಲ ತೂಕಕ್ಕಾಗಿ, ಮೇವಿನಲ್ಲಿ ದಿನವೂ ಚಿಟಿಕೆಯಷ್ಟು ಆ್ಯಂಟಿಬಯಾಟಿಕ್ ಬೆರೆಸುವ ರೂಢಿ ಲೋಕದಲ್ಲೆಲ್ಲ ಹಬ್ಬಿತು. ಸ್ವೀಡನ್ 1986ರಲ್ಲಿ, ಐರೋಪ್ಯ ಒಕ್ಕೂಟ 2006ರ ಜನವರಿಯಿಂದ ಇದನ್ನು ನಿಲ್ಲಿಸಿದವು. ನಮ್ಮ ದೇಶದಲ್ಲಿ ಮನುಷ್ಯರಿಗೆ ಕೊನೆಯ ಆಸರೆಯಂತಿರುವ ಕೊಲಿಸ್ಟಿನ್ ಎಂಬ ಔಷಧವನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಡಬಾರದೆಂಬ ಆದೇಶ 2019ರಲ್ಲಿ ಬಂತು.

ಸಂಕ್ರಾಂತಿ ಕಳೆದ ಮೇಲೆ ಶಿಷ್ಯ ತನ್ನ ಶೆಡ್ಡಿಗೆ ಕರೆದೊಯ್ದ. ಮೇವಿಗೆ ಆ್ಯಂಟಿಬಯಾಟಿಕ್ ಬೆರೆಸುವುದನ್ನು ನಿಲ್ಲಿಸಿದ್ದನಂತೆ. “ಮೊದಲನೇ ಬ್ಯಾಚಲ್ಲಿ ಕೈ ಸುಟ್ಕೊಂಡೆ ಮೇಷ್ಟ್ರೇ. ಔಷಧಿ ಬಿಟ್ಟೆ, ಮಿಕ್ಕಿದ್ದೆಲ್ಲ ಹಳೇದೇ ಇಟ್ಕೊಂಡೆ,” ಎಂದ. ಕರುಳು ಬೇನೆಯಿಂದ ಬಹಳ ಮರಿಗಳು ಸತ್ತಿದ್ದವು. ಹೆಂಡತಿಯ ಸರ ಅಡವಿಟ್ಟು ಎರಡನೆಯ ಬ್ಯಾಚ್ ಇಳಿಸಿದ್ದ.

ಈ ಸಲ ಪಶುವೈದ್ಯರ ಸಲಹೆಯಂತೆ ಮೆಕ್ಕೆಜೋಳ, ಸೋಯಾ ಹಿಂಡಿಯ ಮೇವಿಗೆ ಬೇರೆ ವಸ್ತುಗಳು ಸೇರಿದ್ದವು. ಮೊದಲನೆಯದು ಪ್ರೋಬಯಾಟಿಕ್, ಅಂದರೆ ಕರುಳಿಗೆ ಹಿತವಾದ ಜೀವಂತ ಸೂಕ್ಷ್ಮಾಣುಗಳ ಪುಡಿ. ಯಂತ್ರದಲ್ಲಿ ಒಡೆದ ಮೊಟ್ಟೆಯ ಮರಿ ತಾಯಿಯನ್ನು ಕಂಡಿರುವುದಿಲ್ಲ. ತಾಯಿಯ ಹಿಂದೆ ಕೆದಕುತ್ತ ಅದು ಪಡೆಯಬೇಕಾಗಿದ್ದ ಸೂಕ್ಷ್ಮಾಣುಗಳು ಅದಕ್ಕೆ ದಕ್ಕಿರುವುದಿಲ್ಲ. ಫಿನ್ಲೆಂಡಿನ ಎಸ್ಕೊ ನುರ್ಮಿ ಮತ್ತು ಅವರ ಸಹೋದ್ಯೋಗಿ, ಬೆಳೆದ ಕೋಳಿಯ ಕರುಳಿನ ಅಂಶವನ್ನು ಮರಿಗಳಿಗೆ ಕೊಟ್ಟರೆ ಸಾಲ್ಮೊನೆಲ್ಲ ನೆಲೆಯೂರಲು ಜಾಗ ಸಿಗುವುದಿಲ್ಲವೆಂದು 1973ರಲ್ಲಿಯೇ ತೋರಿಸಿದ್ದರು. ಎರಡನೆಯದು ಯೀಸ್ಟಿನ ಕೋಶಭಿತ್ತಿಯ ಪುಡಿ. ಕೆಲವು ಕೆಟ್ಟ ಸೂಕ್ಷ್ಮಾಣುಗಳು ಕರುಳಿಗೆ ಅಂಟುವ ಬದಲು ಇದಕ್ಕೆ ಅಂಟಿ ಹೊರಗೆ ಹೋಗುತ್ತವೆ. ಮೂರನೆಯದು ಫಾರ್ಮಿಕ್ ಮುಂತಾದ ಸಾವಯವ ಆಮ್ಲ. ಇರುವೆ ಕಚ್ಚಿದಾಗ ಉರಿಸುವ ಅದೇ ಆಮ್ಲವೆಂದು ನಾನು ನಿಮಗೆ ಹೇಳಿಕೊಟ್ಟದ್ದು ನೆನಪಿರಬಹುದು. ನಾಲ್ಕನೆಯ ಡಬ್ಬಿಯ ಮುಚ್ಚಳ ತೆಗೆದಾಗ ಅಮ್ಮನ ಅಡುಗೆಮನೆಯೇ ಎದುರು ಬಂದಂತಾಯಿತು. ಅದರಲ್ಲಿದ್ದದ್ದು ಥೈಮಾಲ್, ಕಾರ್ವಕ್ರಾಲ್ ಎಂಬ ಸುಗಂಧ ತೈಲಾಂಶಗಳು. ಥೈಮಾಲ್ ನಮ್ಮ ಓಮದಲ್ಲಿದೆ, ಕಾರ್ವಕ್ರಾಲ್ ದೊಡ್ಡಪತ್ರೆಯಲ್ಲಿದೆ.

“ಹಾಗಾದರೆ ಇವೇ ಕಾಪಾಡಿದವೇನಯ್ಯಾ?” ಎಂದೆ. ಅವನು ನಕ್ಕು, ನೆಲದ ಭತ್ತದ ಹೊಟ್ಟನ್ನು ಹಿಡಿಯಷ್ಟು ತೆಗೆದು ನನ್ನ ಅಂಗೈಗೆ ಹಾಕಿದ. ಒಣಗಿ ಹುಡಿಹುಡಿಯಾಗಿತ್ತು. ಅದನ್ನು ದಿನವೂ ಕೆದರಿ ಒಣಗಿಸುವುದು, ನೀರಿನ ಕೊಳವೆಗಳ ಒಳಗಿನ ಲೋಳೆ ತೊಳೆಯುವುದು, ಮರಿಗಳನ್ನು ಒತ್ತೊತ್ತಾಗಿ ತುಂಬದಿರುವುದು, ಎರಡು ಬ್ಯಾಚುಗಳ ನಡುವೆ ಶೆಡ್ಡನ್ನು ಖಾಲಿ ಬಿಡುವುದು, ಇವೆಲ್ಲ ಆದ ಮೇಲೆ ಆ ಪುಡಿಗಳಂತೆ. “ಆ ಔಷಧಿ ನಮ್ಮ ಸೋಮಾರಿತನ ಮುಚ್ಚಿತ್ತು ಮೇಷ್ಟ್ರೇ. ಇವು ಮುಚ್ಚಲ್ಲ.” ರೋಗ ಬಂದಾಗ ವೈದ್ಯರು ಬರೆದ ಔಷಧವನ್ನು ಕೊಡಲೇಬೇಕು, ನರಳಲು ಬಿಡಬಾರದು ಎಂದೂ ಹೇಳಿದ. ಅಂಥ ಕೋಳಿಗಳನ್ನು ಔಷಧದ ಅಂಶ ದೇಹದಿಂದ ಇಳಿಯುವವರೆಗೆ ಮಾರುವುದಿಲ್ಲವಂತೆ. ಎರಡನೆಯ ಬ್ಯಾಚ್ ಕೈ ಹಿಡಿದಿತ್ತು. ಸರವನ್ನು ಮಾತ್ರ ಇನ್ನೂ ಬಿಡಿಸಿಕೊಂಡಿರಲಿಲ್ಲ.

ಹಿಂದಿರುಗುವಾಗ ನನ್ನ ಮಾತು ನನಗೇ ನೆನಪಾಯಿತು. ಅಂಕ ಹೆಚ್ಚಲೆಂದು ಎಷ್ಟು ಮಕ್ಕಳಿಗೆ ನಾನು ಗೈಡು ಬಾಯಿಪಾಠ ಮಾಡಿಸಿಲ್ಲ! ತೂಕವೇನೋ ಬಂತು.

ನನ್ನ ವಿದ್ಯಾರ್ಥಿ ಮಿತ್ರರೇ, ಅಂದು ಬಿಟ್ಟ ಅರ್ಧ ಪಾಠವನ್ನು ಇಂದು ಒಪ್ಪಿಸಿದ್ದೇನೆ. ಕೋಳಿ ಸಾಕುವವರಿದ್ದರೆ ಮೇವಿನ ಚೀಲದ ಚೀಟಿ ಓದಿರಿ. ಉಳಿದವರು ವೈದ್ಯರನ್ನು ಕೇಳದೆ ಔಷಧದ ಅಂಗಡಿಯಿಂದ ಮಾತ್ರೆ ತರಬೇಡಿರಿ. ನಿಮ್ಮ ಮಕ್ಕಳಿಗೆ ಫ್ಲೆಮಿಂಗನ ಕಥೆ ಹೇಳುವಾಗ ಕೊನೆಯವರೆಗೂ ಹೇಳಿರಿ.