ಬೆಚ್ಚಗಿನ ಮಳೆನೀರು

ಮಳೆಗಾಲದಲ್ಲಿ ಮಂಗಳೂರಿನ ಯಾವ ಗಾಡಿಯೊಳಗೆ ನೀರು ಕಂಡರೂ ತಪ್ಪು ಮಳೆಯದ್ದೇ. ನಾವೂ ಹಾಗೇ ಅಂದುಕೊಂಡು ಮೂರು ವಾರ ಮೋಸ ಹೋದೆವು.

ಅಪ್ಪನದ್ದು ಕದ್ರಿಯಲ್ಲಿ ಮಕ್ಕಳನ್ನು ಶಾಲೆಗೆ ಬಿಡುವ ಕೆಲಸ. ವ್ಯಾನ್ ಹಳೆಯದು, ಮಡಿಕೇರಿಯಿಂದ ಸೆಕೆಂಡ್ ಹ್ಯಾಂಡ್ ತಂದದ್ದು, ನಂಬರ್ ಈಗಲೂ ಕೆಎ 12. ಕೊಡಗಿನ ಚಳಿಗೆ ಅಂತ ಹಿಂದಿನ ಸೀಟಿನ ಅಡಿಗೆ ಒಂದು ಹೀಟರ್ ಬೇರೆ ಉಂಟು. ಮಂಗಳೂರಲ್ಲಿ ಹೀಟರ್! ಬೆವರು ಒರೆಸಿಕೊಳ್ಳಲಿಕ್ಕೇ ಪುರುಸೊತ್ತಿಲ್ಲ ಇಲ್ಲಿ... ಅದರ ಸ್ವಿಚ್ಚನ್ನು ನಾವು ಒಮ್ಮೆಯೂ ಮುಟ್ಟಿದವರಲ್ಲ.

ಕಳೆದ ಜುಲೈಯಲ್ಲಿ ಆ ಸೀಟಿನ ಕೆಳಗಿನ ಮ್ಯಾಟ್ ಒದ್ದೆಯಾಗತೊಡಗಿತು. ಅಲ್ಲಿ ಕೂರುವುದು ಒಂದನೇ ಕ್ಲಾಸಿನ ಒಂದು ಹುಡುಗಿ. ಮೊದಲು ಅವಳ ಕೊಡೆಗೆ ಬೈಗುಳ, ಆಮೇಲೆ ನೀರಿನ ಬಾಟಲಿಗೆ. "ಮುಚ್ಚಳ ಸರಿ ಹಾಕ್ಲಿಕ್ಕೆ ಆಗೂದಿಲ್ವಾ ನಿಂಗೆ?" ಅಂತ ದಿನಾ ಅಪ್ಪನ ಮಂತ್ರ. ಅವಳು ಬಾಟಲಿಯನ್ನು ಮಡಿಲಲ್ಲಿ ಅವುಚಿಕೊಂಡು ಕೂರತೊಡಗಿದಳು. ಮ್ಯಾಟ್ ಮಾತ್ರ ಒಣಗಲಿಲ್ಲ.

ಒಂದು ದಿನ ನಾನೂ ವ್ಯಾನಲ್ಲಿದ್ದೆ. ಕದ್ರಿ ಗುಡ್ಡೆಯ ಏರು ಹತ್ತುವಾಗ ಅವಳು ಮೆಲ್ಲ ಅಂದಳು, "ಅಂಕಲ್, ಇದು ನನ್ನ ನೀರಲ್ಲ. ಇದು ಬೆಚ್ಚಗೆ ಉಂಟು."

ಅಪ್ಪನಿಗೆ ಕೇಳಿಸಲಿಲ್ಲ. ನನಗೆ ಕೇಳಿಸಿತು. ಮಳೆ ಬೆಚ್ಚಗಿರುತ್ತದಾ?

ಮಕ್ಕಳನ್ನು ಇಳಿಸಿದ ಮೇಲೆ ಅಪ್ಪನ ಹಳೇ ಬಿಳಿ ಬನಿಯನ್ನಿನ ತುಂಡಿನಿಂದ ಮ್ಯಾಟ್ ಒತ್ತಿ ನೋಡಿದೆ. ತಿಳಿ ಹಸಿರು, ಕೈಗೆ ಅಂಟು ಅಂಟು, ಮೂಗಿಗೆ ಸಿಹಿ ವಾಸನೆ. ಕೂಲಂಟ್! ಕೂಲಂಟ್ ಡಬ್ಬಿಯಲ್ಲಿ ವಾರ ವಾರ ಮಟ್ಟ ಇಳಿಯುತ್ತಿದ್ದದ್ದು, ಗಾಡಿಯ ಅಡಿಯಲ್ಲಿ ಒಂದು ಹನಿಯೂ ಕಾಣದ್ದು, ಕಿಟಕಿ ಗಾಜಿನ ಒಳಗೆ ಎಣ್ಣೆ ಹಚ್ಚಿದ ಹಾಗೆ ಮಂಜು ಕೂತದ್ದು... ಎಲ್ಲಾ ಆಗ ನೆನಪಾಯಿತು.

ಗ್ಯಾರೇಜಿನ ಅಣ್ಣ ತಣ್ಣಗಿದ್ದ ರೇಡಿಯೇಟರಿನ ಮುಚ್ಚಳ ತೆಗೆದು ಆ ಜಾಗಕ್ಕೆ ಮೀಟರ್ ಇರುವ ಕೈಪಂಪು ಸಿಕ್ಕಿಸಿದರು. ಮುಚ್ಚಳದ ಮೇಲೆ 0.9 ಅಂತ ಬರೆದಿತ್ತು, ಅಷ್ಟೇ ಒತ್ತಡ ಕೊಟ್ಟರು. ಮುಳ್ಳು ಮೆಲ್ಲ ಇಳಿಯಿತು. ಮತ್ತೆ ಹಿಂದಿನ ಹೀಟರಿಗೆ ಹೋಗುವ, ಬರುವ ಎರಡೂ ಹೋಸುಗಳನ್ನು ಕ್ಲಾಂಪ್ ಹಾಕಿ ಹಿಸುಕಿ ಪುನಃ ಪಂಪ್ ಮಾಡಿದರು. ಮುಳ್ಳು ಅಲುಗಲಿಲ್ಲ. ಅಷ್ಟೇ, ಕಳ್ಳ ಸಿಕ್ಕಿದ. ಸೀಟು ಬಿಚ್ಚಿದಾಗ ಹೀಟರಿನ ಪುಟ್ಟ ರೇಡಿಯೇಟರಿನ ಬೆಸುಗೆಯಲ್ಲಿ ಹಸಿರು ಕಲೆ.

"ನಾವು ಹೀಟರ್ ಹಾಕುವುದೇ ಇಲ್ಲವಲ್ಲ" ಅಂದೆ. ಸ್ವಿಚ್ ಇರುವುದು ಫ್ಯಾನಿಗೆ ಮಾತ್ರವಂತೆ. ಈ ವ್ಯಾನಿನಲ್ಲಿ ಎಂಜಿನ್ನಿನ ಬಿಸಿನೀರು ಯಾವಾಗಲೂ ಅಲ್ಲಿ ಸುತ್ತುತ್ತಲೇ ಇರುತ್ತದಂತೆ. ಓಡುವಾಗ ಅದು ಹೆಚ್ಚು ಕಡಿಮೆ 90 ಡಿಗ್ರಿ. ಜಿನುಗುವ ಬದಲು ಬೆಸುಗೆ ಬಿಟ್ಟೇ ಹೋಗಿದ್ದರೆ? ಮೇಲೆ ನೇತಾಡುತ್ತಿದ್ದ ಆ ಪುಟ್ಟ ಕಾಲುಗಳು ನೆನಪಾಗಿ ಎದೆ ಝಲ್ಲೆಂದಿತು.

ಸೋರಿಕೆ ಮುಚ್ಚುವ ಪುಡಿ ಹಾಕಿದರೆ ಸಾಕೋ ಏನೋ ಅಂತ ನಾನು ಜಾಣತನ ತೋರಿಸಿದೆ. ಅಪ್ಪ ಒಪ್ಪಲಿಲ್ಲ. ಹೀಟರನ್ನೇ ಕಿತ್ತು, ಎರಡು ಹೋಸುಗಳನ್ನು ಗಾಡಿಯ ಅಡಿಯಲ್ಲೇ ಒಂದಕ್ಕೊಂದು ಜೋಡಿಸಿಸಿದರು. ಮ್ಯಾಟನ್ನೂ ಬಿಸಾಡಿದೆವು. ಕೂಲಂಟ್ ಸಿಹಿ, ಆದರೆ ವಿಷ. ಮನೆಯಲ್ಲಿ ಬೆಕ್ಕು ಬೇರೆ ಉಂಟು.

ಮರುದಿನ ಬೆಳಿಗ್ಗೆ ಅಪ್ಪ ಎಲ್ಲಾ ಮಕ್ಕಳ ಎದುರೇ ಅಂದರು, "ತಪ್ಪು ನಿಂದಲ್ಲ ಪುಟ್ಟಾ, ವ್ಯಾನಿಂದು."

"ನಾನು ಹೇಳಿದ್ದೆ ಅಲ್ವಾ" ಅಂದಳು, ಕಿಟಕಿ ಹೊರಗೆ ನೋಡಿಕೊಂಡೇ.

ಬಾಟಲಿಯನ್ನು ಮಾತ್ರ ಈಗಲೂ ಮಡಿಲಲ್ಲೇ ಇಟ್ಟುಕೊಳ್ಳುತ್ತಾಳೆ.