ಟಕ್ ಟಕ್... ಯಾರದು?

ಮೂವತ್ತು ವರ್ಷ ಬ್ಯಾಂಕಿನಲ್ಲಿ ಲೆಡ್ಜರು, ಲೋನು, ಆಡಿಟ್ಟು ಅಂತ ಕಳೆದವನು ನಾನು. ಹನ್ನೊಂದು ಪುಟ್ಟ ಮಕ್ಕಳನ್ನು ಅರ್ಧ ಗಂಟೆ ಒಂದೆಡೆ ಕೂರಿಸುವುದು ಎಷ್ಟು ಕಷ್ಟ ಅಂತ ಗೊತ್ತಾಗಿದ್ದು ಮಾತ್ರ ಈಗ!

ಪುಣೆಯ ನಮ್ಮ ಸಂಘದ ವಾಚನಾಲಯದಲ್ಲಿ ಆರು ಕಪಾಟು ಕನ್ನಡ ಪುಸ್ತಕಗಳಿವೆ. ಓದುವವರೆಲ್ಲ ನನ್ನ ವಯಸ್ಸಿನವರು, ಇಲ್ಲವೇ ನನಗಿಂತ ಹಿರಿಯರು. ಮಕ್ಕಳ ಕಪಾಟಿನ ಬೀಗದ ಕೈ ಹುಡುಕಲೇ ಎರಡು ದಿನ ಬೇಕಾಯಿತು. "ನರ್ಸರಿ ಮಕ್ಕಳಿಗೆ ಭಾನುವಾರ ಕಥೆ ಹೇಳೋಣ" ಅಂತ ಮೀಟಿಂಗಿನಲ್ಲಿ ಬಾಯಿ ಬಿಟ್ಟೆ. ಬಾಯಿ ಬಿಟ್ಟವನಿಗೇ ಕೆಲಸ ಗಂಟುಬಿತ್ತು.

ಮೊದಲ ಸಲ ಪೂರ್ತಿ ಫ್ಲಾಪ್. ಕುರ್ಚಿಯ ಮೇಲೆ ಕುಳಿತು, ಕನ್ನಡಕ ಏರಿಸಿ, ಪುಣ್ಯಕೋಟಿಯ ಕಥೆ ಓದಿದೆ. ಹುಲಿ ಬರುವಷ್ಟರಲ್ಲಿ ಇಬ್ಬರು ಅತ್ತರು, ಮೂವರು ಕಪಾಟಿನ ಹಿಂದೆ ಕಣ್ಣಾಮುಚ್ಚಾಲೆ ಶುರು ಮಾಡಿದರು. ನಾಲ್ಕು ವರ್ಷದ ನನ್ನ ಮೊಮ್ಮಗಳು "ಆಜೋಬಾ, ಘರೀ ಜಾಊಯಾ" ಎಂದಳು. ಮನೆಗೆ ಹೋಗೋಣ ಅಂತ. "ಅಜ್ಜಾ" ಅಲ್ಲ, "ಆಜೋಬಾ".

ಆ ಮಾತು ರಾತ್ರಿಯೆಲ್ಲ ಕೊರೆಯಿತು. ಅವಳದೇನು ತಪ್ಪು? ನನ್ನ ಮಗ ಚಿಕ್ಕವನಿದ್ದಾಗ ನಾನು ಮನೆ ಸೇರುವ ಹೊತ್ತಿಗೆ ಅವನು ಮಲಗಿರುತ್ತಿದ್ದ. ಮಾರ್ಚ್ ಕ್ಲೋಸಿಂಗ್, ಆಮೇಲೆ ಕಂಪ್ಯೂಟರೀಕರಣ, ಆಮೇಲೆ ಟ್ರಾನ್ಸ್‌ಫರ್... ಅವನಿಗೆ ನಾನು ಒಂದೂ ಕಥೆ ಹೇಳಲಿಲ್ಲ. ತನಗೆ ಸಿಗದ್ದನ್ನು ಅವನು ಮಗಳಿಗೆ ಎಲ್ಲಿಂದ ಕೊಟ್ಟಾನು? ಬಿ.ಕಾಂ. ಓದಿದವನಿಗೆ ಇಷ್ಟು ಲೆಕ್ಕ ತಿಳಿಯಲಿಲ್ಲವಲ್ಲ!

ನನ್ನ ಹೆಂಡತಿ ಧಾರವಾಡದವಳು, ನೇರ ಮಾತು. "ಅಲ್ರೀ, ನೀವು ಓದಿದ್ದು ಆಡಿಟ್ ರಿಪೋರ್ಟ್ ಓದಿಧಾಂಗ ಇತ್ತು. ಗುಬ್ಬಿ-ಕಾಗಿ ಕಥಿ ಹೇಳ್ರಿ. ಮರಾಠಿಯೊಳಗ ಅವರಿಗೆ ಗೊತ್ತದ."

ಹೌದಲ್ಲ! ಕಾಗೆಯ ಸಗಣಿ ಮನೆ ಮಳೆಗೆ ಕೊಚ್ಚಿಹೋಗುತ್ತದೆ. ಅದು ಬಂದು ಗುಬ್ಬಿಯ ಬಾಗಿಲು ತಟ್ಟುತ್ತದೆ, ಗುಬ್ಬಿ ಒಂದೊಂದೇ ನೆಪ ಹೇಳುತ್ತದೆ. ನಮ್ಮಜ್ಜಿ ಹೇಳುತ್ತಿದ್ದ ಕಥೆಯಲ್ಲಿ ಗುಬ್ಬಿಯದು ಕಲ್ಲಿನ ಮನೆ. ಮರಾಠಿಯಲ್ಲಿ ಸಗಣಿಗೆ ಶೇಣ, ಅದಕ್ಕೆ ಪ್ರಾಸವಾಗಿ ಗುಬ್ಬಿಯದು ಮೇಣದ ಮನೆ. ಉಳಿದದ್ದೆಲ್ಲ ಒಂದೇ.

ಈ ಸಲ ಹಾಳೆ ತೆಗೆದು ಸರಿಯಾಗಿ ಪ್ಲಾನ್ ಮಾಡಿದೆ. ಒಟ್ಟು 25 ನಿಮಿಷ, ಒಂದು ನಿಮಿಷವೂ ಹೆಚ್ಚಿಲ್ಲ. ಮೊದಲು ಹೆಸರು ಹಿಡಿದು ನಮಸ್ಕಾರ. ಆಮೇಲೆ ಕಥೆ. ನಡುವೆ ಎದ್ದು ಕುಣಿಯುವುದು. ಆಮೇಲೆ ಒಂದು ಚಿತ್ರಪುಸ್ತಕ, ಕೊನೆಗೆ ಬಣ್ಣದ ಪೆನ್ಸಿಲ್ಲು. ಚಿತ್ರಪುಸ್ತಕಕ್ಕೆ ಖರ್ಚಿಲ್ಲ, ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡದವೂ ಉಚಿತವಾಗಿ ಸಿಗುತ್ತವೆ. ಪುಸ್ತಕವನ್ನು ಪಕ್ಕಕ್ಕೆ, ಮಕ್ಕಳ ಕಣ್ಣಿನ ಮಟ್ಟಕ್ಕೆ ಹಿಡಿದರೆ ಚಿತ್ರ ಎಲ್ಲರಿಗೂ ಕಾಣುತ್ತದೆ. ಕುರ್ಚಿಗಳು ಹೊರಗೆ, ಜಮಖಾನ ಒಳಗೆ. ಅಪ್ಪ-ಅಮ್ಮಂದಿರೂ ಮಕ್ಕಳ ಜೊತೆ ನೆಲದ ಮೇಲೆ. ಇನ್ನೊಂದು ನಿಯಮ: ಮಗು ಯಾವ ಭಾಷೆಯಲ್ಲಿ ಉತ್ತರ ಕೊಟ್ಟರೂ ತಿದ್ದಬಾರದು, ಅದನ್ನೇ ಕನ್ನಡದಲ್ಲಿ ನಾನು ಹೇಳಬೇಕು, ಎಲ್ಲರೂ ಕೂಗಬೇಕು.

ಎರಡನೇ ಭಾನುವಾರ ಸ್ಟೀಲ್ ತಟ್ಟೆಯ ಮೇಲೆ ಬೆರಳಾಡಿಸಿ ಮಳೆ ಸುರಿಸಿದೆ. ಕಾಗೆಗಳು ಮರದ ಪೆಟ್ಟಿಗೆ ತಟ್ಟಿದವು. "ಗುಬ್ಬಿ ಏನು ಮಾಡ್ತಿದ್ದಾಳೆ?" ಅಂತ ಕೇಳಿದೆ.

"ಮೊಬೈಲ್ ಬಘತೇಯ!"

"ಗುಬ್ಬಿ ಮೊಬೈಲ್ ನೋಡ್ತಿದ್ದಾಳೆ!" ಹನ್ನೊಂದೂ ಕಂಠ ಕೂಗಿತು.

ಕೊನೆಗೆ ಮೊಮ್ಮಗಳ ಸರದಿ. ಸ್ವಲ್ಪ ಯೋಚಿಸಿ ಅಂದಳು: "ಚಿಮಣಿ ಆಫಿಸಲಾ ಗೇಲೀ."

"ಗುಬ್ಬಿ ಆಫೀಸಿಗೆ ಹೋಗಿದ್ದಾಳೆ" ಅನ್ನಬೇಕಿತ್ತು. ಗಂಟಲಲ್ಲೇ ನಿಂತಿತು. ಅಷ್ಟು ವರ್ಷ ನಾನು ಹೇಳಿದ ನೆಪವೂ ಅದೇ ತಾನೆ?

ಜಮಖಾನದ ಅಂಚಿನಲ್ಲಿ ಕೂತಿದ್ದ ಮಗ ನನ್ನ ಮುಖ ನೋಡಿದ. ಎದ್ದು ಬಂದು ಪೆಟ್ಟಿಗೆ ತಟ್ಟಿ, "ಒಳಗ ಯಾರದೀರಿ? ನಾ ನೆನದೀನಿ" ಅಂದ. ಅವನ ಬಾಯಲ್ಲಿ ಅವ್ವನ ಧಾರವಾಡ!

ಮೊಮ್ಮಗಳು ಕಿಲಕಿಲ ನಕ್ಕು ಪೆಟ್ಟಿಗೆಯ ಮುಚ್ಚಳ ಎತ್ತಿ, "ಬಾ!" ಅಂದಳು.

ಒಂದೇ ಅಕ್ಷರ. ನನಗೆ ಸದ್ಯಕ್ಕೆ ಅಷ್ಟು ಸಾಕು.

ಮುಂದಿನ ಸಲಕ್ಕೆ ಹೊಸ ನೆಪಗಳು ಬೇಕು. ನಿಮ್ಮಜ್ಜಿಯ ಗುಬ್ಬಿ ಏನೇನು ನೆಪ ಹೇಳುತ್ತಿತ್ತು? ನೆನಪಾದರೆ ತಿಳಿಸಿ.