ಸಾಲ ತೀರಿಸುವ ಮುನ್ನ ಮನೆಯೊಳಗೊಂದು ನೋಟ

ಪ್ರವಾದಿ ಮುಹಮ್ಮದ್(ಸ)ರವರು ನಮಾಝಿನ ಕೊನೆಯಲ್ಲಿ ಮಾಡುತ್ತಿದ್ದ ಪ್ರಾರ್ಥನೆಯೊಂದರಲ್ಲಿ ಪಾಪದ ಜೊತೆಗೇ ಸಾಲದಿಂದಲೂ ಅಲ್ಲಾಹನ ಅಭಯ ಯಾಚಿಸುತ್ತಿದ್ದರು. ಸಾಲದ ಬಗ್ಗೆ ಇಷ್ಟೊಂದು ಭಯವೇಕೆ ಎಂದು ಕೇಳಿದವರಿಗೆ, ಸಾಲದಲ್ಲಿ ಸಿಲುಕಿದವನು ಮಾತನಾಡುವಾಗ ಸುಳ್ಳು ಹೇಳುತ್ತಾನೆ, ಮಾತು ಕೊಟ್ಟರೆ ತಪ್ಪುತ್ತಾನೆ ಎಂಬರ್ಥದ ಉತ್ತರವನ್ನು ಅವರು ನೀಡಿದರೆಂದು ಸಹೀಹ್ ಬುಖಾರಿಯಲ್ಲಿ ವರದಿಯಾಗಿದೆ. ಈ ಉತ್ತರದಲ್ಲಿ ಹಣದ ಪ್ರಸ್ತಾಪವೇ ಇಲ್ಲ. ಸಾಲವು ಮೊದಲು ತಿಂದುಹಾಕುವುದು ಮನುಷ್ಯನ ನಾಲಿಗೆಯ ಸತ್ಯವನ್ನು. ಕಂತಿನವರು ಬಾಗಿಲಿಗೆ ಬಂದಾಗ "ಅಬ್ಬಾ ಮನೆಯಲ್ಲಿಲ್ಲ" ಎಂದು ಮಗುವಿನಿಂದ ಹೇಳಿಸುವ ಮನೆಗಳು ನಮ್ಮ ಮೊಹಲ್ಲಾಗಳಲ್ಲಿ ಎಷ್ಟಿಲ್ಲ! ಬೆಳಿಗ್ಗೆ ಮದ್ರಸದಲ್ಲಿ ಸತ್ಯಸಂಧತೆಯ ಪಾಠ ಓದಿದ ಮಗುವೇ ಸಂಜೆ ಹೊಸ್ತಿಲಲ್ಲಿ ನಿಂತು ಈ ಪಾಠವನ್ನೂ ಕಲಿಯುತ್ತದೆ.

ಗುಂಡ್ಲುಪೇಟೆಯಲ್ಲಿ ಬೋಧನೆಯನ್ನೇ ಜೀವನೋಪಾಯವಾಗಿ ಮಾಡಿಕೊಂಡಿರುವ ನಮ್ಮ ಮನೆಗೂ ಸಾಲ ಹೊಸದಲ್ಲ. ತಾಯಿಯವರ ಶಸ್ತ್ರಚಿಕಿತ್ಸೆ, ಮಳೆಗೆ ಕುಸಿದ ಹಿಂಬದಿಯ ಛಾವಣಿ, ಕೊರೋನಾ ಕಾಲದಲ್ಲಿ ತರಗತಿಗಳು ನಿಂತಿದ್ದ ತಿಂಗಳುಗಳು, ಇವೆಲ್ಲ ಸೇರಿ ಹೊರೆ ಬೆಳೆದಿತ್ತು. ಬಡ್ಡಿಯ ನಿಷೇಧವನ್ನು ಓದಿಸುವ ಮನೆಗೂ ಆಸ್ಪತ್ರೆಯ ಮುಂಗಡ ಕಟ್ಟುವ ರಾತ್ರಿ ಬಡ್ಡಿಯಿಲ್ಲದ ಹಣ ಎಲ್ಲಿಯೂ ಸಿಗದ ಅನಿವಾರ್ಯತೆ ಎದುರಾಗುತ್ತದೆ.

2023ರ ರಮಝಾನ್ ಮುಗಿದ ಬಳಿಕ ನಾವು ಮನೆಮಂದಿಯೆಲ್ಲ ಕುಳಿತು ಸಾಲಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದೆವು. ಕುರ್‌ಆನಿನ ಅತಿ ದೀರ್ಘವಾದ ಸೂಕ್ತವು (2:282) ಸಾಲವನ್ನು ಬರೆದಿಡುವ ಕುರಿತೇ ಇದೆ ಎಂಬುದನ್ನು ನಾವು ಎಷ್ಟೋ ಬಾರಿ ಓದಿಸಿದ್ದೆವು. ಮನೆಯವರ ಹೆಸರಿನಲ್ಲಿದ್ದ ಎರಡು ಮೈಕ್ರೋಫೈನಾನ್ಸ್ ಸಾಲಗಳಲ್ಲಿ ಒಂದರ ಬಾಕಿ 27,000 ರೂಪಾಯಿ, ಇನ್ನೊಂದರದು 45,000. ಅವರ ಬಳೆಗಳನ್ನು ಅಡವಿಟ್ಟು ಬ್ಯಾಂಕಿನಿಂದ ತಂದದ್ದು 60,000. ಭಾವನವರ ಕೈಸಾಲ 40,000. ದಿನಸಿ ಅಂಗಡಿಯ ಬಾಕಿ 14,000. ಒಟ್ಟು 1,86,000 ರೂಪಾಯಿ. ನಮ್ಮ ಸಂಬಳ, ಸಂಜೆಯ ಕನ್ನಡ ಟ್ಯೂಷನ್, ಮನೆಯವರ ಹೊಲಿಗೆ ಎಲ್ಲ ಸೇರಿದರೆ ತಿಂಗಳ ಆದಾಯ 23,000. ಅದರಲ್ಲಿ ವಾರಕ್ಕೆ 900 ಮತ್ತು 1,200ರಂತೆ ಎರಡು ಕಂತುಗಳಿಗೇ ತಿಂಗಳಿಗೆ 8,400 ಹೋಗುತ್ತಿತ್ತು. ಬಿಡಿಬಿಡಿಯಾಗಿದ್ದಾಗ ನಿದ್ದೆಗೆಡಿಸುತ್ತಿದ್ದ ಸಾಲಗಳು ಒಂದೇ ಪುಟದಲ್ಲಿ ಬಂದು ನಿಂತಾಗ ಒಂದು ಲೆಕ್ಕವಾದವು. ಲೆಕ್ಕವಾದುದಕ್ಕೆ ಕೊನೆಯೂ ಇರುತ್ತದೆ.

ಬಳಿಕ ಒಂದು ತಿಂಗಳು ಪ್ರತಿ ಖರ್ಚನ್ನೂ ಬರೆದೆವು. ಫೋನಿನಿಂದ ಕೊಟ್ಟ ಹಣಕ್ಕೆ ಕೈಯಲ್ಲಿ ಭಾರವಿಲ್ಲ. ಬೇಕರಿಯ ಇಪ್ಪತ್ತು, ಮೂವತ್ತು ರೂಪಾಯಿಗಳು ಕಣ್ಣಿಗೇ ಬೀಳುವುದಿಲ್ಲ. ತಿಂಗಳ ಕೊನೆಗೆ ಕೂಡಿಸಿದಾಗ, ಯಾರ ಹೊಟ್ಟೆಗೂ ಕೊರತೆ ಮಾಡದೆ ನಿಲ್ಲಿಸಬಹುದಾದ ಖರ್ಚು 1,700 ರೂಪಾಯಿ ಎಂದು ತಿಳಿಯಿತು. ಅದರಲ್ಲಿ ಭಾವನವರಿಗೆ ತಿಂಗಳಿಗೆ 1,000, ಅಂಗಡಿಗೆ 500 ಎಂದು ಗೊತ್ತುಮಾಡಿ ಇಬ್ಬರಿಗೂ ಹೋಗಿ ಹೇಳಿ ಬಂದೆವು. ಉಳಿದ 200 ಅನಿರೀಕ್ಷಿತ ಖರ್ಚಿಗೆ ಡಬ್ಬಿ ಸೇರಿತು. ಕೊಡುವ ಮೊತ್ತ ಚಿಕ್ಕದಾದರೂ ಹೇಳಿದ ದಿನ ತಲುಪಿದರೆ ಸಂಬಂಧ ಉಳಿಯುತ್ತದೆ.

ಆದರೆ ಬಡ್ಡಿಯ ಸಾಲ ಇಷ್ಟರಿಂದ ಕರಗುವಂಥದ್ದಲ್ಲ. ಆಗ ನೆನಪಾದದ್ದು ಅಬೂದಾವೂದ್ ಮತ್ತು ಇಬ್ನುಮಾಜ ಗ್ರಂಥಗಳಲ್ಲಿರುವ ಒಂದು ಘಟನೆ. ನೆರವು ಕೇಳಲು ಬಂದ ಅನ್ಸಾರಿಯೊಬ್ಬರನ್ನು ಪ್ರವಾದಿವರ್ಯರು(ಸ) ಮನೆಯಲ್ಲಿ ಏನಿದೆ ಎಂದು ವಿಚಾರಿಸಿದರು. ಇದ್ದದ್ದು ಒಂದು ಬಟ್ಟೆ ಮತ್ತು ಒಂದು ನೀರಿನ ಪಾತ್ರೆ. ಅವೆರಡನ್ನೂ ತರಿಸಿ, ಜನರ ಮುಂದೆ ಸ್ವತಃ ಹರಾಜು ಕೂಗಿ ಎರಡು ದಿರ್ಹಮಿಗೆ ಮಾರಿದರು. ಒಂದು ದಿರ್ಹಮಿನಿಂದ ಮನೆಗೆ ಆಹಾರ, ಇನ್ನೊಂದರಿಂದ ಕೊಡಲಿ. ಹದಿನೈದು ದಿನ ಕಟ್ಟಿಗೆ ಕಡಿದು ಮಾರಿದ ಆತ ಹತ್ತು ದಿರ್ಹಮ್ ಸಂಪಾದಿಸಿ ಮರಳಿದರು. ಮನೆಯ ಸಾಮಾನು ಮಾರುವುದು ಅವಮಾನವಾಗಿದ್ದರೆ ಅಲ್ಲಾಹನ ಸಂದೇಶವಾಹಕರು(ಸ) ಆ ಹರಾಜನ್ನು ತಮ್ಮ ಕೈಯಾರೆ ನಡೆಸುತ್ತಿದ್ದರೇ?

ನಮ್ಮ ಮನೆಯಲ್ಲೂ ಬಳಕೆಯಿಲ್ಲದ ವಸ್ತುಗಳು ಇದ್ದವು. ಗಾಜಿನ ಶೋಕೇಸ್, ಓಡಿಸದೆ ನಿಂತಿದ್ದ ಸ್ಕೂಟರ್, ಮನೆಯವರು ಬಳಸದ ಕಸೂತಿ ಯಂತ್ರ, ಮಗನಿಗೆ ಚಿಕ್ಕದಾದ ಸೈಕಲ್, ತಂದೆಯ ಕಾಲದ ಎರಡು ಬಿರಿಯಾನಿ ದೇಗ್‌ಗಳು. ಮಾರುವ ಮುನ್ನ ಯಾವುದು ಯಾರದ್ದು ಎಂದು ಇತ್ಯರ್ಥ ಮಾಡಿಕೊಂಡೆವು. ಶೋಕೇಸ್ ಮನೆಯವರಿಗೆ ತವರಿನಿಂದ ಬಂದದ್ದು. ಪತ್ನಿಯ ಆಸ್ತಿ ಶರೀಅತ್ತಿನ ಪ್ರಕಾರ ಆಕೆಯದ್ದೇ. ಮನೆಯ ವೆಚ್ಚದ ಹೊಣೆ ಪತಿಯದ್ದು. ಸಂಘದ ಸಾಲಗಳು ಹೆಂಗಸರ ಹೆಸರಿಗೆ ಸಿಗುತ್ತವೆ ಎಂಬ ಕಾರಣಕ್ಕೆ ಹೊಣೆಯೂ ಅವರ ಹೆಗಲಿಗೆ ಜಾರುವುದನ್ನು ನಾವು ಎಲ್ಲೆಡೆ ಕಾಣುತ್ತೇವೆ. ಅವರು ತಾವಾಗಿ ಒಪ್ಪಿದ ಮೇಲೆಯೇ ಶೋಕೇಸಿನ ಚಿತ್ರ ತೆಗೆದೆವು. ಅದರ ಬೆಲೆಯನ್ನು ಅವರಿಗೆ ಕೊಡಬೇಕಾದ ಬಾಕಿ ಎಂದು ಅದೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆವು.

ದೇಗ್‌ಗಳ ವಿಷಯದಲ್ಲಿ ತಾಯಿಯವರು ಒಪ್ಪಲಿಲ್ಲ. "ನಿಮ್ಮಬ್ಬಾ ಊರಿಗೆಲ್ಲ ಉಣಿಸಿದ ಪಾತ್ರೆ, ಜನ ಏನೆಂದಾರು?" ಎಂದರು. ಅಡುಗೆ ಕಾಂಟ್ರಾಕ್ಟ್ ಮಾಡುವ ಸುಲ್ತಾನ್ ಬತ್ತೇರಿಯ ವ್ಯಕ್ತಿಯೊಬ್ಬರು ಚಿತ್ರ ನೋಡಿ ಕರೆ ಮಾಡಿದಾಗ, ನಮ್ಮಲ್ಲಿ ಅಟ್ಟದ ಮೇಲೆ ಮಲಗಿರುವ ಪಾತ್ರೆ ಅಲ್ಲಿ ಮತ್ತೆ ಜನರಿಗೆ ಉಣಿಸುತ್ತದೆ ಎಂದೆವು. ತಾಯಿಯವರು ಎರಡು ದಿನ ಮಾತನಾಡಲಿಲ್ಲ. ಮೂರನೆಯ ದಿನ ತಾವೇ ಹುಣಸೆಹಣ್ಣು ಹಾಕಿ ತಿಕ್ಕಿಸಿ ಹೊರಗಿಡಿಸಿದರು. ಬಂಡೀಪುರದ ಕಾಡುರಸ್ತೆ ರಾತ್ರಿ ಒಂಬತ್ತಕ್ಕೆ ಮುಚ್ಚುವುದರಿಂದ ಆತ ಮಗ್ರಿಬ್ ನಮಾಝ್ ಮುಗಿಸಿದೊಡನೆ ಹೊರಟರು.

ಆನ್‌ಲೈನಿನಲ್ಲಿ ಮಾರುವವರು ಧಾನ್ಯದ ರಾಶಿಯ ಹದೀಸನ್ನು ಮರೆಯಬಾರದು. ಮೇಲೆ ಒಣಗಿದ್ದು ಒಳಗೆ ಒದ್ದೆಯಾಗಿದ್ದ ರಾಶಿಯೊಳಗೆ ಪ್ರವಾದಿವರ್ಯರು(ಸ) ಕೈಯಿಟ್ಟು ನೋಡಿ ಆ ವ್ಯಾಪಾರಿಯನ್ನು ಎಚ್ಚರಿಸಿದ್ದರು. ಚಂದ ಕಾಣುವ ಬದಿಯ ಚಿತ್ರವನ್ನು ಮಾತ್ರ ಹಾಕುವುದು ಒದ್ದೆ ಧಾನ್ಯವನ್ನು ಮುಚ್ಚಿದಂತೆಯೇ. ಶೋಕೇಸಿನ ಬಿರುಕು ಬಿಟ್ಟ ಗಾಜಿನ ಚಿತ್ರವನ್ನು ಮೊದಲು ಹಾಕಿದೆವು. ಚೌಕಾಸಿ ಕಡಿಮೆಯಾಯಿತು, ಬಂದವರು ತಕರಾರಿಲ್ಲದೆ ಕೊಂಡೊಯ್ದರು.

ಮೋಸಗಾರರೂ ಬರುತ್ತಾರೆ. ತಾನು ಸೇನೆಯಲ್ಲಿರುವೆನೆಂದು ಹೇಳಿ, ಹಣ ಪಡೆಯಲು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಎಂದ ಕರೆ ನಮಗೂ ಬಂತು. ಹಣ ಪಡೆಯಲು ಯುಪಿಐ ಪಿನ್ ಎಂದಿಗೂ ಬೇಕಿಲ್ಲ; ಪಿನ್ ಒತ್ತಿದರೆ ಹಣ ಹೋಗುವುದು ನಮ್ಮ ಖಾತೆಯಿಂದಲೇ. ಮೋಸಹೋದವರು ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಚಾಮರಾಜನಗರದವರು ಕೊಂಡ ಸ್ಕೂಟರಿನ ಆರ್‌ಸಿ ವರ್ಗಾವಣೆಗೆ 29 ಮತ್ತು 30ನೆಯ ನಮೂನೆಗಳಿಗೆ ಸಹಿ ಮಾಡಿ, ಆರ್‌ಟಿಒ ಕಚೇರಿಗೆ ಜೊತೆಯಲ್ಲೇ ಹೋದೆವು. ಹೆಸರು ಬದಲಾಗದ ವಾಹನವೂ ಒಂದು ಸಾಲವೇ.

ಮೂರು ತಿಂಗಳಲ್ಲಿ ಸ್ಕೂಟರಿನಿಂದ 17,000, ದೇಗ್‌ಗಳಿಂದ 9,000, ಶೋಕೇಸಿನಿಂದ 6,500, ಯಂತ್ರದಿಂದ 5,500, ಸೈಕಲಿನಿಂದ 1,800, ಹೀಗೆ 39,800 ರೂಪಾಯಿ ಬಂತು. ಅದರಲ್ಲಿ ಒಂದು ರೂಪಾಯಿಯೂ ಮನೆಖರ್ಚಿಗೆ ಹೋಗಬಾರದೆಂಬುದು ನಮ್ಮ ನಿರ್ಧಾರ. 27,000ದ ಸಾಲವನ್ನು ಒಂದೇ ಸಲಕ್ಕೆ ಮುಗಿಸಿದೆವು. ಮೈಕ್ರೋಫೈನಾನ್ಸ್ ಸಾಲವನ್ನು ಅವಧಿಗೆ ಮುನ್ನ ತೀರಿಸಿದರೆ ದಂಡ ವಿಧಿಸುವಂತಿಲ್ಲ ಎಂದು ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನವಿದೆ. ಇದು ನಮ್ಮ ಎಷ್ಟೋ ಸಹೋದರಿಯರಿಗೆ ತಿಳಿದಿಲ್ಲ. ಉಳಿದ 12,800 ಒಡವೆ ಸಾಲಕ್ಕೆ ಜಮೆಯಾಯಿತು. ಬಿಡುಗಡೆಯಾದ ವಾರದ 900 ರೂಪಾಯಿಯನ್ನು ಖರ್ಚಿಗೆ ಬಿಡದೆ ಅದಕ್ಕೇ ಸೇರಿಸುತ್ತ ಹೋದೆವು. ಒಂದು ಸಾಲ ಮುಗಿದಾಗ ಅದರ ಕಂತು ಮುಂದಿನ ಸಾಲಕ್ಕೆ. ಹೀಗೆ 20 ತಿಂಗಳಲ್ಲಿ, 2024ರ ಡಿಸೆಂಬರಿನಲ್ಲಿ, ಪುಟದ ಎಲ್ಲ ಸಾಲುಗಳಿಗೂ ಗೆರೆ ಬಿತ್ತು. ಶೋಕೇಸಿನ ಬೆಲೆಯನ್ನು ಮನೆಯವರು ಬೇಡವೆಂದು ಬಿಟ್ಟುಕೊಟ್ಟರು. ಬಳೆಗಳು ಅವರ ಕೈಗೆ ಮರಳಿದವು.

ಮರುತಿಂಗಳೇ, 2025ರ ಜನವರಿಯಲ್ಲಿ, ನಮ್ಮ ಚಾಮರಾಜನಗರ ಜಿಲ್ಲೆಯ ಹಳ್ಳಿಗಳಿಂದ ಮೈಕ್ರೋಫೈನಾನ್ಸ್ ವಸೂಲಿಯ ಕಿರುಕುಳ ತಾಳಲಾರದೆ ಕುಟುಂಬಗಳು ಮನೆಗೆ ಬೀಗ ಹಾಕಿ ಊರು ಬಿಟ್ಟ ಸುದ್ದಿ ಪತ್ರಿಕೆಗಳಲ್ಲಿ ಬಂತು. ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಬಲವಂತದ ವಸೂಲಿಯ ವಿರುದ್ಧ ಸುಗ್ರೀವಾಜ್ಞೆ ಹೊರಡಿಸಿತು. 10 ವರ್ಷಗಳವರೆಗೆ ಸೆರೆವಾಸ, 5 ಲಕ್ಷ ರೂಪಾಯಿವರೆಗೆ ದಂಡ ಅದರಲ್ಲಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಮುನ್ನ, ಸಂಜೆ ಆರರ ಬಳಿಕ ವಸೂಲಿಗೆ ಕರೆ ಮಾಡುವಂತಿಲ್ಲ ಎಂಬ ರಿಸರ್ವ್ ಬ್ಯಾಂಕಿನ ನಿಯಮ ಮೊದಲೇ ಇತ್ತು. ಸಾಲದಲ್ಲಿರುವವರು ಹೊಣೆಯನ್ನು ಅರಿಯಬೇಕು, ಜೊತೆಗೆ ಹಕ್ಕನ್ನೂ ಅರಿಯಬೇಕು.

ಮಾರಲು ಏನೂ ಇಲ್ಲದ ಮನೆಗಳೂ ಇವೆ. ಅಂಥವರಿಗೆ ನೋಟ್‌ಬುಕ್ ಮತ್ತು ಮಿತವ್ಯಯ ಸಾಕಾಗದು. ಕಷ್ಟದಲ್ಲಿರುವ ಸಾಲಗಾರನಿಗೆ ಕಾಲಾವಕಾಶ ನೀಡಬೇಕು, ಬಿಟ್ಟುಕೊಟ್ಟರೆ ಇನ್ನೂ ಉತ್ತಮ ಎಂಬುದು ಕುರ್‌ಆನಿನ ಬೋಧನೆ (2:280). ಝಕಾತಿನ ಎಂಟು ಹಕ್ಕುದಾರರಲ್ಲಿ ಸಾಲದಲ್ಲಿ ಸಿಲುಕಿದವರೂ ಸೇರಿದ್ದಾರೆ (9:60). ನಮ್ಮ ಜಮಾಅತ್‌ಗಳು ಝಕಾತಿನ ಒಂದು ಪಾಲನ್ನು ಇದಕ್ಕೆಂದೇ ತೆಗೆದಿರಿಸಿದರೆ, ಆಸ್ಪತ್ರೆಯ ಬಾಗಿಲಲ್ಲಿ ನಿಂತ ಕುಟುಂಬ ಬಡ್ಡಿಯ ಬಾಗಿಲು ತಟ್ಟಬೇಕಾಗದು.

ಸಹೋದರ ಸಹೋದರಿಯರೇ, ಈ ಶುಕ್ರವಾರ ಮನೆಮಂದಿಯೊಂದಿಗೆ ಒಂದು ಗಂಟೆ ಕುಳಿತುಕೊಳ್ಳಿ. ಇರುವ ಸಾಲವನ್ನೂ ಇರುವ ವಸ್ತುಗಳನ್ನೂ ಬರೆಯಿರಿ. ಜನರ ಕಣ್ಣಿಗಾಗಿ ಇಟ್ಟದ್ದನ್ನು ಮಾರಿ, ಜನರ ಮುಂದೆ ನಿಜವಾಡುವ ಸ್ವಾತಂತ್ರ್ಯವನ್ನು ಕೊಂಡುಕೊಳ್ಳಿ. ಅಲ್ಲಾಹನು ನಮ್ಮೆಲ್ಲರನ್ನೂ ಸಾಲದ ಭಾರದಿಂದ ಬಿಡಿಸಲಿ, ಹಲಾಲ್ ಸಂಪಾದನೆಯಲ್ಲಿ ಬರ್ಕತ್ ನೀಡಲಿ. ಆಮೀನ್.